ದೇವರ ಗೂಡಿನ ಕೊಂಡಿ

ನಮ್ಮ ಮನೆಯಲ್ಲಿ ಹಾಲು ಕಾಸುವ ಪಾತ್ರೆಯಲ್ಲಿ ಮೇಣ ಕಾಸುತ್ತಿದ್ದರು. ಅವ್ವ ಮದುವೆಯಾಗಿ ಬರುವಾಗ ತವರಿನಿಂದ ತಂದ ದಪ್ಪ ತಳದ ಸ್ಟೀಲಿನ ಪಾತ್ರೆ ಅದು. ಅಂಚಿನ ಕೆಳಗೆ ಅವಳ ಹೆಸರನ್ನು ಚುಕ್ಕೆ ಚುಕ್ಕೆಯಾಗಿ ಕೊರೆಸಿದ್ದರು. ಒಂದು ಭಾನುವಾರ ಅಪ್ಪ ಅದನ್ನು ಯಾರನ್ನೂ ಕೇಳದೆ ಎತ್ತಿಕೊಂಡು, ಅದರೊಳಗೆ ಬಿಳಿ ಮೇಣದ ಗಟ್ಟಿಗಳನ್ನು ಒಡೆದು ಹಾಕಿ, ಸೀಮೆಎಣ್ಣೆ ಸ್ಟೌ ಮೇಲೆ ನೀರಿನ ಬೋಗುಣಿಯೊಳಗೆ ಇಟ್ಟುಬಿಟ್ಟ. ಅಣ್ಣನ ರೇಸ್ ಸೈಕಲ್ಲಿನ ಚೈನು ಅದ್ದುವುದಕ್ಕೆ ತಳ ದಪ್ಪ ಇರುವ ಪಾತ್ರೆಯೇ ಬೇಕಿತ್ತಂತೆ. ಅವ್ವ ಬೋರ್‌ವೆಲ್ ನೀರು ಹಿಡಿದುಕೊಂಡು ಬರುವಷ್ಟರಲ್ಲಿ ಮೇಣ ಕರಗಿ ತಿಳಿಯಾಗಿತ್ತು.

“ಹಾಲಿನ ಪಾತ್ರಿ ಅದು,” ಅಂದಳು ಅವ್ವ.

“ತೊಳದ್ರ ಹೋಗ್ತದ.”

“ಮೇಣ ತೊಳದ್ರ ಹೋಗ್ತದೇನು?”

“ಹೋಗಲಿಲ್ಲಂದ್ರ ಬ್ಯಾರೆದು ತಗೊಂಡ್ರಾತು ಬಿಡು.”

ಬೇರೆಯದು ಬರಲಿಲ್ಲ. ಅಲ್ಲಿಂದ ಮುಂದೆ ನಮ್ಮ ಮನೆಯ ಹಾಲು ತಂಬಿಗೆಯಲ್ಲಿ ಕಾಯುತ್ತಿತ್ತು, ವಾರಕ್ಕೆ ಎರಡು ಸಲವಾದರೂ ಉಕ್ಕಿ ಸ್ಟೌ ಮೇಲೆ ಚೆಲ್ಲುತ್ತಿತ್ತು. ಚೆಲ್ಲಿದಾಗೆಲ್ಲ ಅವ್ವ ಬಟ್ಟೆ ತಂದು ಒರೆಸುತ್ತಿದ್ದಳು, ಒಂದು ಮಾತೂ ಆಡುತ್ತಿರಲಿಲ್ಲ. ಅವಳು ಅಂದು ಜಗಳವಾಡಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಹಾಗೆ ಅನ್ನಿಸಿರಲಿಲ್ಲ. ಆಗ ನಾನು ಅಪ್ಪನ ಕಡೆಯವಳು. ಕರಗುತ್ತಿದ್ದ ಮೇಣವನ್ನು ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಾ, ನಮ್ಮ ಮನೆಯಲ್ಲಿ ಏನೋ ದೊಡ್ಡ ಕೆಲಸ ಶುರುವಾಗಿದೆ, ಅವ್ವನಿಗೆ ತಿಳಿಯುತ್ತಿಲ್ಲ ಅಷ್ಟೆ ಎಂದುಕೊಂಡಿದ್ದೆ.

ಪೀಣ್ಯ ಎರಡನೇ ಹಂತದ ಹಿಂಭಾಗದಲ್ಲಿ, ಸಾಲಾಗಿ ಆರು ಮನೆಗಳಿದ್ದ ವಠಾರದಲ್ಲಿ ನಾವಿದ್ದೆವು. ಒಂದು ಕೋಣೆ, ಒಂದು ಅಡುಗೆಮನೆ, ತಲೆಯ ಮೇಲೆ ಶೀಟು. ಗೋಡೆಯಾಚೆ ಪ್ರೆಸ್ ಮಶೀನುಗಳ ಶೆಡ್ಡು. ಬೆಳಗಿನ ಶಿಫ್ಟು ಶುರುವಾದರೆ ನಮ್ಮ ತಟ್ಟೆ ಲೋಟಗಳೆಲ್ಲ ಸಣ್ಣಗೆ ನಡುಗುತ್ತಿದ್ದವು. ಅಪ್ಪ ಎರಡು ರಸ್ತೆ ಆಚೆಯ ಕಾರ್ಖಾನೆಯೊಂದರಲ್ಲಿ ಲೇತ್ ಆಪರೇಟರ್. ನಾವು ವಿಜಾಪುರ ಕಡೆಯವರು. ಆ ಕಡೆಯ ಹುಡುಗರಿಗೆ ಸೈಕಲ್ ರೇಸಿನ ಹುಚ್ಚು. ಅಪ್ಪನೂ ಹರೆಯದಲ್ಲಿ ರೇಸಿಗೆ ಹೋದವನೇ. ಅವನ ಜೊತೆಯ ಇಬ್ಬರಿಗೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ನೌಕರಿ ಸಿಕ್ಕಿತು, ಇವನಿಗೆ ಸಿಗಲಿಲ್ಲ. ಆ ಇಬ್ಬರ ಹೆಸರುಗಳನ್ನು ನಾನು ಮಗ್ಗಿಗಿಂತ ಮೊದಲೇ ಕಲಿತಿದ್ದೆ. ಊಟಕ್ಕೆ ಕೂತಾಗಲೆಲ್ಲ ಅವು ಬರುತ್ತಿದ್ದವು. ತನಗೆ ಸಿಗದಿದ್ದದ್ದು ಮಗನಿಗೆ ಸಿಗಲೇಬೇಕು ಎಂಬುದು ಅಪ್ಪನ ಹಟ. ಮಗ ಎಂದರೆ ನನ್ನ ಅಣ್ಣ ಮಲ್ಲು, ನನಗಿಂತ ಐದು ವರ್ಷ ದೊಡ್ಡವನು. ಅವನು ರಾಜ್ಯದ ತಂಡಕ್ಕೆ ಆಯ್ಕೆಯಾಗಬೇಕು, ಆಮೇಲೆ ನೌಕರಿ, ಆಮೇಲೆ ನಮ್ಮೆಲ್ಲರ ಸುಖ. ಇದರಲ್ಲಿ ನನ್ನ ಪಾಲು ಏನು, ಅವ್ವನ ಪಾಲು ಏನು ಎಂದು ಯಾರೂ ಕೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಸೈಕಲ್ಲು ಗೋಡೆಯ ಮೇಲೆ ಇರುತ್ತಿತ್ತು. ಅಪ್ಪ ಕಾರ್ಖಾನೆಯಲ್ಲಿ ತಾನೇ ಮಾಡಿ ತಂದ ಎರಡು ಕೊಕ್ಕೆಗಳಿಗೆ ಅದನ್ನು ನೇತುಹಾಕಿದ್ದ. ಅದರ ಪಕ್ಕದಲ್ಲೇ ಗೋಡೆಯೊಳಗೆ ದೇವರ ಗೂಡು. ಹೊಸಬರು ಯಾರಾದರೂ ಬಂದು ಆ ಕಡೆ ಕೈ ಮುಗಿದರೆ ಯಾವುದಕ್ಕೆ ಮುಗಿದರೆಂದು ಹೇಳುವುದು ಕಷ್ಟವಿತ್ತು. ಸೈಕಲ್ಲಿನ ಕೆಳಗೆ ನಾನು, ಅವ್ವ ಮಲಗುತ್ತಿದ್ದೆವು. ಪೆಡಲು ತಲೆಗೆ ಬಡಿಯದಂತೆ ಎದ್ದು ಕೂರುವುದನ್ನು ನಾನು ನಿದ್ದೆಗಣ್ಣಿನಲ್ಲೂ ಮಾಡುತ್ತಿದ್ದೆ. ಊಟದಲ್ಲೂ ಹಾಗೆಯೇ. ಅಣ್ಣನಿಗೆ ನೆನೆಸಿದ ಬಾದಾಮಿ, ಬಾಳೆಹಣ್ಣು, ರೊಟ್ಟಿಯ ಮೇಲೆ ತುಪ್ಪ. ನನಗೂ ಅದೇ ರೊಟ್ಟಿ, ತುಪ್ಪ ಮಾತ್ರ ಇಲ್ಲ. ಒಂದು ಬೆಳಿಗ್ಗೆ ಅವ್ವ ಬಾದಾಮಿಯ ಸಿಪ್ಪೆ ಸುಲಿಯುತ್ತಿದ್ದಾಗ ಒಂದನ್ನು ತೆಗೆದು ಬಾಯಿಗೆ ಹಾಕಿಕೊಂಡೆ.

“ಅದು ಅಣ್ಣಂದು,” ಅಂದಳು. “ನೀ ಏನ್ ರೇಸಿಗೆ ಹೋಗಾಕಿ ಏನು?”

ಸಿಟ್ಟಿನಿಂದ ಹೇಳಿದ್ದಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಆಡುವ ಮಾತಿನ ಹಾಗೆ ಹೇಳಿದಳು. ಅದಕ್ಕೇ ಇನ್ನೂ ನೆನಪಿದೆ.

ಮೇಣದ ವಿದ್ಯೆ ಅಪ್ಪನಿಗೆ ಬಂದದ್ದು ಮಾರತ್ತಹಳ್ಳಿ ಕಡೆಯ ಒಬ್ಬ ಸಾಫ್ಟ್‌ವೇರ್ ಸಾಹೇಬರಿಂದ. ತಮ್ಮ ಹಳೆಯ ರೇಸ್ ಸೈಕಲ್ಲನ್ನು ಅಪ್ಪನಿಗೆ ಮಾರಿದವರು ಅವರೇ. ಒಂದು ವರ್ಷ ಕಳೆದ ಮೇಲೆ ರಸ್ತೆಯಲ್ಲಿ ಸಿಕ್ಕು, ಚೈನಿನ ಸ್ಥಿತಿ ನೋಡಿ, ಎಣ್ಣೆ ಬಿಟ್ಟು ಕರಗಿದ ಮೇಣದಲ್ಲಿ ಅದ್ದಿ ಎಂದರಂತೆ. ಪೀಣ್ಯದವರಿಗೆ ಈ ಮಾತು ಬೇಗ ತಲೆಗೆ ಹೋಗುತ್ತದೆ. ನಮ್ಮ ಗಾಳಿಯಲ್ಲಿ ಕಬ್ಬಿಣದ ಪುಡಿ, ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳಿಗೆ ಅಗೆದ ಮಣ್ಣಿನ ಧೂಳು. ಎಣ್ಣೆ ಹಾಕಿದ ಚೈನು ನೆಲಮಂಗಲಕ್ಕೆ ಹೋಗಿ ಬರುವಷ್ಟರಲ್ಲಿ ಕಪ್ಪು ಅಂಟು ಹಿಡಿದು, ಆ ಅಂಟೇ ಕೀಲುಗಳನ್ನು ತಿಂದುಹಾಕುತ್ತಿತ್ತು. ಮೇಣಕ್ಕೆ ಧೂಳು ಹಿಡಿಯುವುದಿಲ್ಲ. ಚೈನು ಸದ್ದಿಲ್ಲದೆ ಓಡುತ್ತದೆ. ಆದರೆ ಮೇಣ ಕೂರಬೇಕಾದರೆ ಚೈನಿನಲ್ಲಿ ಎಣ್ಣೆಯ ಒಂದು ಹನಿಯೂ ಉಳಿದಿರಬಾರದು. ಅಪ್ಪನ ಬೆರಳುಗಳಲ್ಲಿ ಕಾರ್ಖಾನೆಯ ಎಣ್ಣೆ ಸೇರಿಹೋಗಿತ್ತು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಅಣ್ಣ ದಣಿಯಬಾರದು. ಅವ್ವ ಪಾತ್ರೆಯ ಸಿಟ್ಟಿನಲ್ಲಿ ಆ ಕಡೆ ತಲೆ ಹಾಕುತ್ತಿರಲಿಲ್ಲ. ಉಳಿದವಳು ನಾನು, ಆಗ ಹತ್ತು ವರ್ಷದವಳು.

ವಾರ ಬಿಟ್ಟು ವಾರ ಈ ಕೆಲಸ. ಚೈನನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಪೆಟ್ರೋಲು ಸುರಿದು, ಮುಚ್ಚಳ ಬಿಗಿದು, ಮನೆಯ ಹೊರಗೆ ಕೂತು ಕುಲುಕಬೇಕು. ಮೊದಲ ಸಲ ಡಿಕಾಕ್ಷನ್ ಬಣ್ಣ ಬರುತ್ತದೆ, ಎರಡನೆಯ ಸಲ ಚಹಾದ ಬಣ್ಣ, ಮೂರನೆಯದು ತಿಳಿಯಾಗಬೇಕು. ಆಗದಿದ್ದರೆ ನಾಲ್ಕನೆಯ ಸಲ. ಆಮೇಲೆ ಪೇಂಟ್ ಅಂಗಡಿಯ ಥಿನ್ನರಿನಲ್ಲಿ ಒಂದು ಸುತ್ತು, ಆಮೇಲೆ ಬಿಸಿಲಿಗೆ. ಒಣಗಿದ ಚೈನನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಮರಳಿನಂಥ ಒಣ ಸದ್ದು ಬರಬೇಕು. ಇನ್ನು ಮೇಣ. ನೇರ ಉರಿಗೆ ಇಟ್ಟರೆ ಹೊತ್ತಿಕೊಳ್ಳುತ್ತದೆ, ಅದಕ್ಕೇ ನೀರಿನ ಬೋಗುಣಿಯೊಳಗೆ ಪಾತ್ರೆ. ಬಗ್ಗಿಸಿದ ತಂತಿಗೆ ಚೈನನ್ನು ಪೋಣಿಸಿ ಇಳಿಸಿದರೆ ಸಣ್ಣ ಗುಳ್ಳೆಗಳು ಏಳುತ್ತವೆ. ಕೀಲುಗಳೊಳಗಿನ ಗಾಳಿ ಹೊರಗೆ ಬಂದು ಮೇಣ ಒಳಗೆ ಹೋಗುತ್ತಿದೆ ಎಂದು ಅರ್ಥ. ಗುಳ್ಳೆ ನಿಂತ ಕೂಡಲೇ ಎತ್ತಬಾರದು. ಎಲ್ಲರೂ ಅವಸರ ಮಾಡುವುದು ಅಲ್ಲಿಯೇ. ಬಿಸಿ ಇರುವಾಗ ಎತ್ತಿದರೆ ಮೇಣವೆಲ್ಲ ಸೋರಿಹೋಗುತ್ತದೆ. ಸ್ಟೌ ಆರಿಸಿ, ಹಾಲಿನ ಕೆನೆಯ ಹಾಗೆ ಮೇಲೆ ತೆಳು ಪೊರೆ ಕಟ್ಟುವ ತನಕ ಕಾದು, ಆಗ ಎತ್ತಬೇಕು. ತಣ್ಣಗಾದ ಚೈನು ಕೋಲಿನ ಹಾಗೆ ಸೆಟೆದುಕೊಂಡಿರುತ್ತದೆ. ಕಿಟಕಿಯ ಸರಳಿನ ಮೇಲೆ ಎಳೆದು ಒಂದೊಂದೇ ಕೀಲನ್ನು ಸಡಿಲಿಸಿ, ಉದುರಿದ ಚೂರುಗಳನ್ನು ಗುಡಿಸಿ ಮತ್ತೆ ಪಾತ್ರೆಗೆ ಹಾಕುತ್ತಿದ್ದೆ. ಪೊರೆ ಕಟ್ಟುವ ಗಳಿಗೆ ಅಪ್ಪನಿಗಿಂತ ನನಗೇ ಚೆನ್ನಾಗಿ ಗೊತ್ತಾಗುತ್ತಿತ್ತು. ಅದು ಅಪ್ಪನಿಗೂ ಗೊತ್ತಿತ್ತು, ಅದಕ್ಕೇ ಆರು ತಿಂಗಳಲ್ಲಿ ಪೂರ್ತಿ ಕೆಲಸವನ್ನು ನನಗೇ ಬಿಟ್ಟುಕೊಟ್ಟ.

ವಠಾರದ ಓನರ್ ಆಂಟಿಗೆ ಮಾತ್ರ ನಮ್ಮ ಭಾನುವಾರಗಳು ಸೇರುತ್ತಿರಲಿಲ್ಲ. ಪೆಟ್ರೋಲಿನ ವಾಸನೆಗೆ ಸೆರಗು ಮುಚ್ಚಿಕೊಂಡು ಬಂದು ನನ್ನ ಮುಂದೆ ನಿಲ್ಲುತ್ತಿದ್ದರು.

“ಏನೇ ಶೈಲಾ, ನಿಮ್ಮನೇಲಿ ಅಡುಗೆ ಮಾಡ್ತೀರೋ, ಗ್ಯಾರೇಜ್ ಇಟ್ಕೊಂಡಿದ್ದೀರೋ? ಓದ್ಕೊಳ್ಳೋ ವಯಸ್ಸಲ್ಲಿ ಕೈ ನೋಡು ಹೆಂಗಾಗಿದೆ.”

ಕೈ ಹಾಳಾಗಿದ್ದು ನಿಜ. ಥಿನ್ನರಿನಿಂದ ಬೆರಳ ತುದಿಗಳು ಬಿಳಚಿಕೊಂಡು ಸಿಪ್ಪೆ ಏಳುತ್ತಿದ್ದವು, ಸಾರು ಕಲಸಿದರೆ ಉರಿಯುತ್ತಿತ್ತು. ನನಗೆ ಅದು ಹೆಮ್ಮೆಯೇ ಆಗಿತ್ತು. ಅಪ್ಪನಿಗೆ ಒಂದು ಅಭ್ಯಾಸವಿತ್ತು. ಕಾರ್ಖಾನೆಯ ಲೇತಿನಲ್ಲಿ ಚೆನ್ನಾಗಿ ಕಡೆದ ಒಂದು ಕಬ್ಬಿಣದ ತುಂಡನ್ನು ಆಗಾಗ ಜೇಬಿನಲ್ಲಿ ತಂದು, ದೀಪದ ಕೆಳಗೆ ಹಿಡಿದು, ಹೆಬ್ಬೆರಳಿನಿಂದ ಉರುಳಿಸುತ್ತಾ, ಯಾರಿಗೂ ಅಲ್ಲದ ಹಾಗೆ, “ಕೆಲಸ ಅಂದ್ರ ಇದು,” ಅನ್ನುತ್ತಿದ್ದ. ಆ ಮೂರು ಪದಗಳನ್ನು ನನ್ನ ಚೈನಿನ ಬಗ್ಗೆ ಒಂದು ಸಲ ಕೇಳಬೇಕು ಎಂದು ನಾನು ಮೂರು ವರ್ಷ ಕಾದೆ. ಅವನು ಚೈನನ್ನು ಬೆಳಕಿಗೆ ಹಿಡಿಯುತ್ತಿದ್ದ, ಉರುಳಿಸುತ್ತಿದ್ದ, “ಹೂಂ” ಎಂದು ಸೈಕಲ್ಲಿಗೆ ಹಾಕುತ್ತಿದ್ದ. ಆ ಒಂದು “ಹೂಂ”ಗೇ ನನಗೆ ವಾರವಿಡೀ ಹೊಟ್ಟೆ ತುಂಬಿರುತ್ತಿತ್ತು. ಮಕ್ಕಳು ಎಷ್ಟು ಕಡಿಮೆಯಲ್ಲಿ ಬದುಕುತ್ತಾರೆಂದು ನೆನೆದರೆ ಈಗ ಸಿಟ್ಟು ಬರುತ್ತದೆ.

ಚೈನಿನ ಎರಡು ತುದಿಗಳನ್ನು ಕೂಡಿಸುವುದಕ್ಕೆ ಒಂದು ಬೇರೆ ಕೊಂಡಿ ಇರುತ್ತದೆ. ಅದಕ್ಕೆ ಎರಡು ಹೋಳು. ಒಂದರ ಮೊಳೆ ಇನ್ನೊಂದರ ಸೀಳಿನೊಳಗೆ ಹೋಗಿ, ಎಳೆದಾಗ ಟಕ್ ಎಂದು ಕೂರುತ್ತದೆ. ಒಮ್ಮೆ ಕೂತದ್ದನ್ನು ಬಿಚ್ಚಿದರೆ ಅದರ ಹಿಡಿತ ಸಡಿಲವಾಗುತ್ತದೆ, ಅದನ್ನು ಮತ್ತೆ ಹಾಕಬಾರದು. ಇದು ಅಪ್ಪ ನನಗೆ ಹೇಳಿಕೊಟ್ಟ ಮೊದಲ ಪಾಠ. ಪ್ರತಿ ಸಲವೂ ಹೊಸ ಕೊಂಡಿ. ಅದರ ಎರಡು ಹೋಳುಗಳನ್ನೂ ಚೈನಿನ ಜೊತೆಗೇ ಮೇಣಕ್ಕೆ ಅದ್ದಿ ತೆಗೆದು, ಸೀಳಿನಲ್ಲಿ ಕೂತ ಮೇಣವನ್ನು ಅವ್ವನ ಹೊಲಿಗೆ ಸೂಜಿಯಿಂದ ಕೆರೆದು ಸ್ವಚ್ಛ ಮಾಡಬೇಕು. ಅಲ್ಲಿ ಚೂರು ಮೇಣ ಉಳಿದರೂ ಕೊಂಡಿ ಪೂರ್ತಿ ಕೂರುವುದಿಲ್ಲ, ಜೋರಾಗಿ ತುಳಿದಾಗ ಬಿಚ್ಚಿಕೊಳ್ಳಬಹುದು.

ಬಿಚ್ಚಿದ ಕೊಂಡಿಗಳನ್ನೆಲ್ಲ ಗುಜರಿಗೆ ಹಾಕುತ್ತಿದ್ದೆವು, ಒಂದನ್ನು ಬಿಟ್ಟು. ಮೇಣ ಬರುವುದಕ್ಕೆ ಮೊದಲು, ಇನ್ನೂ ಎಣ್ಣೆ ಹಾಕುತ್ತಿದ್ದ ಕಾಲದಲ್ಲಿ, ಅಣ್ಣ ಒಂದು ದಸರಾ ರೇಸಿನಲ್ಲಿ ಮೊದಲನೆಯವನಾಗಿ ಬಂದಿದ್ದ. ಆ ದಿನ ಚೈನಿನಲ್ಲಿದ್ದ ಕೊಂಡಿಯನ್ನು ಅಪ್ಪ ಬಿಚ್ಚಿ, ಬಟ್ಟೆಯಿಂದ ಒರೆಸಿ, ದೇವರ ಗೂಡಿನಲ್ಲಿ ಇಟ್ಟ. ಅದಕ್ಕೆ ಗೆದ್ದ ಕೊಂಡಿ ಎಂದೇ ಹೆಸರು. ಆಯುಧ ಪೂಜೆಯ ದಿನ ಪೀಣ್ಯದಲ್ಲಿ ಕುಂಕುಮ ಕಾಣದ ಕಬ್ಬಿಣ ಇರುವುದಿಲ್ಲ. ಲೇತಿನಿಂದ ಹಿಡಿದು ಗೇಟಿನ ಬೀಗದವರೆಗೆ ಪೂಜೆ, ಕಾರ್ಖಾನೆಗಳ ಮುಂದೆಲ್ಲ ಒಡೆದ ಬೂದುಗುಂಬಳ. ನಮ್ಮ ಮನೆಯಲ್ಲೂ ಸ್ಪ್ಯಾನರು, ಇಕ್ಕಳ, ಸೈಕಲ್ಲು ಎಲ್ಲಕ್ಕೂ ಪೂಜೆ, ಎಲ್ಲಕ್ಕಿಂತ ಮೊದಲು ಆ ಕೊಂಡಿಗೆ. ಬೇರೆ ದಿನಗಳಲ್ಲಿ ಅವ್ವ ಶುಕ್ರವಾರ ಶುಕ್ರವಾರ ದೇವರ ಜೊತೆಗೆ ಅದಕ್ಕೂ ಕುಂಕುಮ ಇಡುತ್ತಿದ್ದಳು.

ಮೇಣ ಬಂದ ಮೇಲೆ ಅಣ್ಣ ಮೊದಲನೆಯವನಾಗಿ ಬರಲೇ ಇಲ್ಲ. ಮೂರನೆಯವನು, ಐದನೆಯವನು, ಎರಡು ಸಲ ಎರಡನೆಯವನು. ಅವನು ಚೆನ್ನಾಗಿಯೇ ಓಡಿಸುತ್ತಿದ್ದ, ಜೊತೆಯ ಹುಡುಗರು ಇನ್ನೂ ಚೆನ್ನಾಗಿ ಓಡಿಸುತ್ತಿದ್ದರು, ಅಷ್ಟೆ. ಅಪ್ಪ ಮಾತ್ರ ಊಟದ ನಡುವೆ ಕೈ ನಿಲ್ಲಿಸಿ ಗೂಡಿನ ಕಡೆ ನೋಡಲು ಶುರು ಮಾಡಿದ. ಒಂದು ಸಲ ಅವ್ವನಿಗೆ, “ಎಣ್ಣಿ ಇದ್ದಾಗ ಗೆದ್ದಿದ್ದ ನೋಡು,” ಅಂದದ್ದು ನನ್ನ ಕಿವಿಗೆ ಬಿತ್ತು. ನನಗೆ ಅವಮಾನವಾಯಿತು. ನನ್ನ ಕೆಲಸದಲ್ಲಿ ಏನು ಕೊರತೆ ಎಂದು ಯೋಚಿಸಿ, ಪೆಟ್ರೋಲಿನ ಐದನೆಯ ಸುತ್ತನ್ನು ಸೇರಿಸಿದೆ.

ರಾಜ್ಯದ ತಂಡದ ಆಯ್ಕೆಯ ರೇಸು ಬಂದಾಗ ನನಗೆ ಹದಿಮೂರು. ಹಿಂದಿನ ದಿನ, ಶನಿವಾರ ಸಂಜೆ, ಚೈನು ಸಿದ್ಧ ಮಾಡಿದೆ. ಮೂರು ವರ್ಷದಲ್ಲಿ ಅಷ್ಟು ಚೆನ್ನಾಗಿ ಎಂದೂ ಮಾಡಿರಲಿಲ್ಲ. ಕೊಂಡಿಯ ಸೀಳುಗಳನ್ನು ಸೂಜಿಯಿಂದ ಕೆರೆದು, ಬಲ್ಬಿಗೆ ಹಿಡಿದು ನೋಡಿ, ಮತ್ತೊಮ್ಮೆ ಕೆರೆದು, ಎರಡು ಹೋಳುಗಳನ್ನೂ ನೋಟ್‌ಬುಕ್ಕಿನ ಹಾಳೆಯಲ್ಲಿ ಮಡಿಸಿ ಅಪ್ಪನ ಕೈಗೇ ಕೊಟ್ಟೆ. ಅವನು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಬೆಳಗಿನ ಜಾವ ಅವರಿಬ್ಬರೂ ಹೊರಡುವಾಗ ನಾನು ಕಣ್ಣು ಬಿಟ್ಟು ಮಲಗಿದ್ದೆ. ಅಪ್ಪ ಗೂಡಿನ ಮುಂದೆ ಬಹಳ ಹೊತ್ತು ನಿಂತಿದ್ದ. ಬೆನ್ನು ಮಾತ್ರ ಕಾಣುತ್ತಿತ್ತು. ಆಮೇಲೆ ಹೊರಗೆ ಇಕ್ಕಳದ ಸದ್ದು, ಅಣ್ಣನ ಕೆಮ್ಮು, ಗಾಡಿ ಸ್ಟಾರ್ಟ್ ಆದ ಸದ್ದು. ನನ್ನನ್ನೂ ಕರೆದುಕೊಂಡು ಹೋಗಿ ಎಂದು ಕೇಳಬೇಕೆಂದಿದ್ದೆ, ಕೇಳಿರಲಿಲ್ಲ.

ಹನ್ನೊಂದು ಗಂಟೆಗೆ ಓನರ್ ಆಂಟಿಯ ಫೋನಿಗೆ ಸುದ್ದಿ ಬಂತು. ಕೊನೆಯ ಓಟದಲ್ಲಿ ಅಣ್ಣ ಸೀಟಿನಿಂದ ಎದ್ದು ನಿಂತು ತುಳಿದಾಗ ಕೊಂಡಿ ಬಿಚ್ಚಿಕೊಂಡು, ಚೈನು ಕಳಚಿ, ಅವನು ಮುಖ ಕೆಳಗಾಗಿ ಟಾರಿಗೆ ಬಿದ್ದಿದ್ದ. ಮುಂದಿನ ನಾಲ್ಕು ಹಲ್ಲು ಹೋಗಿದ್ದವು. ಹೆಗಲ ಮೂಳೆ ಮುರಿದಿತ್ತು, ಬಲ ಮೊಣಕಾಲು ಜಜ್ಜಿತ್ತು. ಆಸ್ಪತ್ರೆಯ ಉದ್ದನೆಯ ಬೆಂಚಿನ ಹತ್ತಿರ ಅಪ್ಪ ನಿಂತಿದ್ದ, ಜೊತೆಗೆ ಅಣ್ಣನ ಗೆಳೆಯರು ಇಬ್ಬರು. ನಾನು, ಅವ್ವ ಹತ್ತಿರ ಹೋದೆವು. ಅಪ್ಪ ಅವ್ವನನ್ನು ನೋಡಲಿಲ್ಲ, ನನ್ನನ್ನು ನೋಡಿದ.

“ಸೀಳಿನ್ಯಾಗ ಮೇಣ ಬಿಟ್ಟಿದ್ದಿ ನೀ. ಕೊಂಡಿ ಕೂಡಲಿಲ್ಲ.”

“ಇಲ್ಲಪ್ಪ. ಸೂಜಿಲೆ ತಗದೀನಿ. ಎರಡ ಸಲ ತಗದೀನಿ.”

“ತಗದಿದ್ರ ಯಾಕ ಬಿಚ್ಚಿಕೊಂತು?”

ಕೊಂಡಿ ಎಲ್ಲಿ, ತೋರಿಸು ಎಂದೆ. ರೋಡಿನಲ್ಲಿ ಎಲ್ಲಿ ಬಿತ್ತೋ ಯಾರಿಗೆ ಗೊತ್ತು ಅಂದ. ಆಮೇಲೆ ಆ ಇಬ್ಬರು ಹುಡುಗರ ಕಡೆ ತಿರುಗಿ, ತನ್ನ ತಪ್ಪನ್ನು ಒಪ್ಪಿಕೊಳ್ಳುವ ದೊಡ್ಡ ಮನುಷ್ಯನ ಹಾಗೆ ತಲೆ ಅಲ್ಲಾಡಿಸಿದ.

“ಹೆಣ್ಣಹುಡುಗಿ ಕೈಯಾಗ ಕೊಟ್ಟಿದ್ದು ನಂದ ತಪ್ಪು.”

ಅವ್ವ ನನ್ನ ಭುಜದ ಮೇಲೆ ಇಟ್ಟಿದ್ದ ಕೈಯನ್ನು ತೆಗೆಯಲಿಲ್ಲ.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಬದುಕಿ ಮುಗಿಸುವುದಕ್ಕೆ ಮಾತ್ರ ಬಹಳ ಕಾಲ ಬೇಕಾಯಿತು. ಅಣ್ಣನ ಮೊಣಕಾಲು ಪೂರ್ತಿ ಮಡಿಸಲು ಬರದ ಹಾಗಾಯಿತು. ಸೈಕಲ್ಲು ಮಾರಾಟವಾಯಿತು, ಗೋಡೆಯಲ್ಲಿ ಕೊಕ್ಕೆಗಳು ಉಳಿದವು, ನಾನು ಅವುಗಳ ಕೆಳಗೆ ಮಲಗುತ್ತಾ ಬಂದೆ. ಅಣ್ಣ ಒಂದು ಪೌಡರ್ ಕೋಟಿಂಗ್ ಶೆಡ್ಡಿಗೆ ಸೇರಿ, ಸಂಜೆ ರೆಪ್ಪೆಗಳ ಮೇಲೆ ಬಣ್ಣದ ಪುಡಿ ಹೊತ್ತು ಬರುತ್ತಿದ್ದ. ನನ್ನ ಜೊತೆ ಜಗಳವಾಡಲಿಲ್ಲ. ಮಾತಾಡುವುದನ್ನು ಬಿಟ್ಟ. ತಟ್ಟೆ ಇಟ್ಟರೆ ಉಣ್ಣುತ್ತಿದ್ದ, ಕೂರುವಾಗ ಕಾಲನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕೆ ಇಡುತ್ತಿದ್ದ, ಅದೇ ಅವನ ಮಾತು. ಅಪ್ಪ ತಾನಾಗಿ ಆ ಮಾತನ್ನು ಮತ್ತೆ ಎತ್ತಲಿಲ್ಲ. ಊರಿನಿಂದ ಬಂದವರು ಕೇಳಿದರೆ, “ಆಕೀ ಕೈಲೆ ಆಗೋದಿತ್ತು, ಆತು,” ಎಂದು ನನ್ನ ಎದುರಿಗೇ ಹೇಳುತ್ತಿದ್ದ, ಕ್ಷಮಿಸಿದವನ ಧ್ವನಿಯಲ್ಲಿ. ಮೇಣ ತುಂಬಿದ್ದ ಪಾತ್ರೆ ಅಟ್ಟ ಸೇರಿತು. ಅವ್ವ ಅದನ್ನು ಬಿಡಿಸಿ ತೊಳೆದುಕೊಳ್ಳಬಹುದಿತ್ತು, ತೊಳೆಯಲಿಲ್ಲ. ಶುಕ್ರವಾರದ ಕುಂಕುಮ ಮಾತ್ರ ನಿಲ್ಲಲಿಲ್ಲ. ನಾನು ಗೂಡಿನ ಕಡೆ ನೋಡುವುದನ್ನೇ ಬಿಟ್ಟಿದ್ದೆ.

ಸೀಳಿನ ಮೇಣವನ್ನು ನಾನು ತೆಗೆದಿದ್ದೆನೋ ಇಲ್ಲವೋ. ಆ ಪ್ರಶ್ನೆಯ ಜೊತೆಯಲ್ಲೇ ನಾನು ದೊಡ್ಡವಳಾದೆ. ಸೂಜಿ ಹಿಡಿದದ್ದು ನೆನಪಿದೆ, ಬಲ್ಬಿಗೆ ಹಿಡಿದು ನೋಡಿದ್ದು ನೆನಪಿದೆ. ಆದರೆ ಮನೆಯವರೆಲ್ಲ ಒಂದನ್ನು ನಂಬಿದಾಗ ಹದಿಮೂರರ ಹುಡುಗಿಯ ನೆನಪಿಗೆ ಏನು ಬೆಲೆ? ಎರಡು ವರ್ಷ ಕಳೆಯುವಷ್ಟರಲ್ಲಿ ಸೀಳಿನಲ್ಲಿ ಉಳಿದ ಬಿಳಿ ಚೂರು ನನ್ನ ಕಣ್ಣಿಗೇ ಕಾಣತೊಡಗಿತ್ತು. ಡಿಪ್ಲೊಮಾ ಓದಿದೆ. ಈಗ ಅತ್ತಿಬೆಲೆಯ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಪರೀಕ್ಷೆ ಮಾಡಿ ಸಹಿ ಹಾಕುವುದು ನನ್ನ ಕೆಲಸ. ಒಂದನ್ನು ಮೂರು ಸಲ ಅಳೆಯುತ್ತೇನೆ. ಲೋಡಿಂಗಿನವರು ಬಾಗಿಲಲ್ಲಿ ನಿಂತು ರೇಗಿಸುತ್ತಾರೆ.

“ಮೇಡಂ, ಇನ್ನೂ ಎಷ್ಟು ಸಲ ನೋಡ್ತೀರಾ? ಲಾರಿ ಡ್ರೈವರ್ ಮುದುಕ ಆಗ್ತಾವ್ನೆ ಅಲ್ಲಿ.”

ನಗುತ್ತೇನೆ, ಮತ್ತೆ ಅಳೆಯುತ್ತೇನೆ. ಮನೆಯಿಂದ ಹೊರಟವಳು ಬಸ್ ಸ್ಟಾಪಿನಿಂದ ವಾಪಸ್ ಬಂದು ಗ್ಯಾಸಿನ ಗುಂಡಿ ನೋಡುತ್ತೇನೆ. ನನ್ನ ಗಂಡ ಇದನ್ನು ಸ್ವಭಾವ ಎನ್ನುತ್ತಾನೆ. ಸ್ವಭಾವವಲ್ಲ. ಆಸ್ಪತ್ರೆಯ ಬೆಂಚಿನ ಹತ್ತಿರ ನನಗೆ ಕೊಟ್ಟು ಕಳಿಸಿದ್ದು ಇದು.

ವಠಾರವನ್ನು ಕೆಡವಿ ಪಿಜಿ ಕಟ್ಟುತ್ತೇವೆ ಎಂದು ಓನರ್ ಆಂಟಿಯ ಮಗ ಹೇಳಿದಾಗ, ಅಪ್ಪ ಅವ್ವ ದಾಸರಹಳ್ಳಿಯಲ್ಲಿ ಅಣ್ಣನ ಮನೆಯ ಹತ್ತಿರ ಬೇರೆ ಮನೆ ಹಿಡಿದರು. ಸಾಮಾನು ಕಟ್ಟುವ ದಿನ ನಾನೂ ಹೋಗಿದ್ದೆ. ಅಣ್ಣ ಟೆಂಪೋ ತಂದಿದ್ದ. ಅಪ್ಪ ಕಾರ್ಖಾನೆಯಿಂದ ನಿವೃತ್ತನಾಗಿ ಎರಡು ವರ್ಷವಾಗಿತ್ತು. ಹೊರಗೆ ಕಟ್ಟೆಯ ಮೇಲೆ ಕೂತು ಯಾವುದನ್ನು ಮೊದಲು ಏರಿಸಬೇಕೆಂದು ಹೇಳುತ್ತಿದ್ದ. ದೇವರ ಗೂಡನ್ನು ನೀನೇ ತೆಗಿ ಎಂದು ಅವ್ವ ನನ್ನನ್ನು ಕಳಿಸಿದಳು. ಫೋಟೋಗಳನ್ನು ಸೀರೆಯಲ್ಲಿ ಸುತ್ತಿದೆ, ದೀಪ ತೆಗೆದೆ, ಕೊನೆಗೆ ಮೂಲೆಯಲ್ಲಿ ಕುಂಕುಮದ ಗಟ್ಟಿಯಾಗಿ ಕೂತಿದ್ದ ಕೊಂಡಿ ಸಿಕ್ಕಿತು. ಅದನ್ನು ಬಿಡಿಸುವಾಗ ಎರಡು ಹೋಳುಗಳೂ ಬೇರೆ ಬೇರೆಯಾಗಿ ಕೈಗೆ ಬಂದವು, ಕುಂಕುಮ ಸಿಪ್ಪೆಯ ಹಾಗೆ ಉದುರಿತು. ಕೆಳಗೆ ಬಿಳಿ ಮೇಣ.

ನಾನು ಅಲ್ಲೇ ಕೂತೆ. ಗೆದ್ದ ಕೊಂಡಿ ಎಣ್ಣೆಯ ಕಾಲದ್ದು. ಅದು ಮೇಣ ಕಂಡದ್ದೇ ಅಲ್ಲ. ಇದರ ಮೈಮೇಲೆ ಎಲ್ಲ ಕಡೆ ಸಮನಾದ ತೆಳು ಪೊರೆ ಇತ್ತು, ಮೊಳೆಯ ಮೇಲೆ ಒಂದು ಗೀರೂ ಇರಲಿಲ್ಲ. ಒಂದೇ ಒಂದು ಸಲ ಕೂಡಿಸಿದ್ದರೂ ಆ ಪೊರೆ ಒಡೆದಿರುತ್ತಿತ್ತು. ಸೀಳುಗಳಲ್ಲಿ ಮೇಣವಿರಲಿಲ್ಲ. ಸೂಜಿ ಎಳೆದ ಗೆರೆಗಳು ಕಾಣುತ್ತಿದ್ದವು, ಒಂದರ ಪಕ್ಕ ಇನ್ನೊಂದು, ಎರಡು ಸಲ ಎಳೆದದ್ದು. ಆ ಬೆಳಗಿನ ಜಾವ ಗೂಡಿನ ಮುಂದೆ ನಿಂತಿದ್ದ ಬೆನ್ನು ನೆನಪಾಯಿತು. ಅಪ್ಪ ನನ್ನ ಹೊಸ ಕೊಂಡಿಯನ್ನು ಅಲ್ಲಿ ಇಟ್ಟು, ದೇವರ ಹತ್ತಿರವಿದ್ದ ಹಳೆಯದನ್ನು ತೆಗೆದುಕೊಂಡು ಹೋಗಿ ಚೈನಿಗೆ ಹಾಕಿದ್ದ. ಒಮ್ಮೆ ಬಿಚ್ಚಿದ್ದನ್ನು ಮತ್ತೆ ಹಾಕಬಾರದು ಎಂದು ನನಗೆ ಕಲಿಸಿದವನು.

ಅವ್ವ ಒಳಗೆ ಬಂದವಳು ನನ್ನ ಅಂಗೈ ನೋಡಿ ನಿಂತಳು.

“ನಿನಗ ಗೊತ್ತಿತ್ತೇನು?” ಅಂದೆ.

“ಕುಂಕುಮ ನಿಲ್ತಿರಲಿಲ್ಲ ಅದರ ಮ್ಯಾಲ. ಜಾರಿ ಜಾರಿ ಬೀಳ್ತಿತ್ತು. ನೀರಾಗ ಕಲಸಿ ಹಚ್ಚಬೇಕಾತು,” ಅಂದಳು. “ಮೊದಲನೇ ಶುಕ್ರವಾರನ ಗೊತ್ತಾತು.”

“ಮತ್ಯಾಕ ಹೇಳಲಿಲ್ಲ?”

“ನಿಮ್ಮಪ್ಪ ನಾಕ ಮಂದ್ಯಾಗ ತಲಿ ಎತ್ತಿ ಓಡಾಡಬೇಕಿತ್ತು. ಮಲ್ಲುಗ ಗೊತ್ತಾದ್ರ ಮನಿ ಬಿಟ್ಟು ಹೋಗ್ತಿದ್ದ. ನೀ ಸಣ್ಣಾಕಿ, ಮರೀತಿ ಅಂದುಕೊಂಡೆ.”

ಹದಿನೈದು ವರ್ಷದ ಶುಕ್ರವಾರಗಳಲ್ಲಿ ಅವಳು ಪ್ರತಿ ಸಲವೂ ಕುಂಕುಮ ಕಲಸಿ, ನನ್ನ ನಿರಪರಾಧಿತ್ವವನ್ನು ಮುಚ್ಚಿ, ಮೇಲೆ ಕೈ ಮುಗಿದಿದ್ದಳು. ಅಪ್ಪನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಆ ಗಳಿಗೆಯಲ್ಲಿ ಅವಳ ಮೇಲೆ ಬಂತು. ಹೊರಗೆ ಹೋದೆ. ಅಣ್ಣ ಟೆಂಪೋಗೆ ಹಗ್ಗ ಬಿಗಿಯುತ್ತಿದ್ದ. ಎರಡು ಹೋಳುಗಳನ್ನೂ ಅವನ ಮುಂದೆ ಹಿಡಿದು, ಇದು ನಾನು ಅವತ್ತು ಮಾಡಿಕೊಟ್ಟ ಕೊಂಡಿ, ಗೂಡಿನಲ್ಲಿತ್ತು ಎಂದೆ. ರೇಸ್ ಓಡಿಸಿದವನಿಗೆ ಹೆಚ್ಚು ಹೇಳಬೇಕಿರಲಿಲ್ಲ. ಉಗುರಿನಿಂದ ಒಂದು ಕಡೆ ಕೆರೆದ, ಉಗುರಿನ ತುದಿಗೆ ಬಂದ ಮೇಣವನ್ನು ನೋಡಿದ. ಕಟ್ಟಿಸಿದ ಹಲ್ಲುಗಳ ಮೇಲೆ ನಾಲಿಗೆ ಆಡಿಸಿಕೊಂಡ.

“ಅಪ್ಪನ್ನ ಕೇಳು,” ಅಂದ. ಹಗ್ಗ ಬಿಗಿಯುವುದನ್ನು ಮುಂದುವರಿಸಿದ, ಆದರೆ ಕೈಗೆ ಗಂಟು ಸಿಗುತ್ತಿರಲಿಲ್ಲ.

ಅಪ್ಪನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತೆ. ಪೆಟ್ರೋಲಿನ ಡಬ್ಬಿ ಹಿಡಿದು ನಾನು ಕೂರುತ್ತಿದ್ದ ಜಾಗವೇ ಅದು. ಅವನ ಅಂಗೈ ಬಿಡಿಸಿ ಹೋಳುಗಳನ್ನು ಇಟ್ಟೆ.

“ಇದು ಯಾವ ಕೊಂಡಿ ಅಪ್ಪ?”

ಅವನು ಅದನ್ನು ಕಣ್ಣಿನ ಹತ್ತಿರ ತಂದ. ಲೇತಿನ ತುಂಡುಗಳನ್ನು ಉರುಳಿಸುತ್ತಿದ್ದ ಹಾಗೆಯೇ ಹೆಬ್ಬೆರಳಿನಿಂದ ಉರುಳಿಸಿದ. ಕುಂಕುಮದ ಪುಡಿ ಅವನ ಪಂಚೆಯ ಮೇಲೆ ಬಿತ್ತು. ನನ್ನ ಮುಖ ನೋಡಲಿಲ್ಲ. ನಾನು ಒಂದೇ ಮಾತಿಗೆ ಕಾಯುತ್ತಿದ್ದೆ. ತಪ್ಪಾಯಿತು ಅಂದರೆ ಸಾಕಿತ್ತು, ಅಷ್ಟೂ ಬೇಡ, ಹೌದು ಅಂದರೂ ಸಾಕಿತ್ತು. ಗೋಡೆಯಾಚೆ ಪ್ರೆಸ್ ಮಶೀನು ಬಡಿಯುತ್ತಿತ್ತು. ಅವನು ಸೀಳಿನೊಳಗೆ ಉಗುರು ಆಡಿಸಿದ, ಇನ್ನೊಂದು ಹೋಳಿನಲ್ಲೂ ಆಡಿಸಿದ.

“ಇಷ್ಟು ವರ್ಷ ಆದ್ರೂ ಮೇಣ ಬಿರುಕು ಬಿಟ್ಟಿಲ್ಲ ನೋಡು. ಸೀಳಿನ್ಯಾಗ ಒಂದು ಚೂರೂ ಇಲ್ಲ,” ಅಂದ. ಆಮೇಲೆ, ಯಾರಿಗೂ ಅಲ್ಲದ ಹಾಗೆ, “ಕೆಲಸ ಅಂದ್ರ ಇದು.”

ಒಂದು ಗಳಿಗೆ ನನಗೆ ಖುಷಿಯಾಯಿತು. ಸುಳ್ಳು ಹೇಳಲಾರೆ, ಹತ್ತು ವರ್ಷದ ಹುಡುಗಿಗೆ ಆಗುವಷ್ಟೇ ಖುಷಿಯಾಯಿತು, ಕೈಗಳು ಬೆಚ್ಚಗಾದವು. ಉಳಿದದ್ದಕ್ಕೆಲ್ಲ ಎಂದಾದರೂ ಅವನನ್ನು ಕ್ಷಮಿಸಬಹುದು. ಆ ಖುಷಿಯನ್ನು ಕ್ಷಮಿಸಲು ನನ್ನಿಂದ ಆಗಿಲ್ಲ.